ದೋಷ ಮುಚ್ಚಿಟ್ಟ ಮನೆಯ ಬೆಲೆ

ಬೆಂಗಳೂರಿನಲ್ಲಿ ಹಳೆಯ ಮನೆ ಅಥವಾ ಫ್ಲ್ಯಾಟ್ ಕೊಳ್ಳುವವರು ಕಾಗದಪತ್ರಗಳನ್ನು ವಕೀಲರಿಗೆ ತೋರಿಸದೆ ಮುಂದುವರಿಯುವುದು ಅಪರೂಪ. ಮೂಲಪತ್ರ, ಋಣಭಾರ ಪ್ರಮಾಣಪತ್ರ, ಖಾತಾ, ಮಂಜೂರಾದ ನಕ್ಷೆ ಎಲ್ಲವೂ ಪರಿಶೀಲನೆಗೆ ಒಳಗಾಗುತ್ತವೆ. ಕಟ್ಟಡಕ್ಕೆ ಮಾತ್ರ ಆ ಭಾಗ್ಯವಿಲ್ಲ. ಹೊಸ ಬಣ್ಣದ ಹಿಂದೆ ಎಷ್ಟು ತೇವವಿದೆ, ತಾರಸಿಯ ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದಿದೆಯೇ ಎಂಬುದು ಮೊದಲ ಮಳೆಗಾಲದಲ್ಲಿ ತಿಳಿಯುತ್ತದೆ. ಅಷ್ಟರಲ್ಲಿ ನೋಂದಣಿ ಮುಗಿದಿರುತ್ತದೆ. ಬ್ಯಾಂಕಿನ ಮೌಲ್ಯಮಾಪಕರು ಬಂದು ನೋಡಿದ್ದಾರೆ ಎಂಬ ಸಮಾಧಾನವೂ ಸಲ್ಲದು. ಅವರು ಅಳೆಯುವುದು ಸಾಲಕ್ಕೆ ಆಸ್ತಿ ಸಾಕೇ ಎಂಬುದನ್ನು.

ಎಂಜಿನಿಯರ್ ಒಬ್ಬರಿಂದ ತಪಾಸಣೆ ಮಾಡಿಸುವ ವಿವೇಕವಂತರೂ ಇದ್ದಾರೆ. ಆದರೆ ಅದು ಸಾಮಾನ್ಯವಾಗಿ ನಡೆಯುವುದು ಮುಂಗಡ ಕೊಟ್ಟ ಮೇಲೆ. ದೋಷ ತೋರಿಸಿ ಬೆಲೆ ಇಳಿಸಲು ಕೇಳಿದರೆ, ‘ಬೇಕಿದ್ದರೆ ತೆಗೆದುಕೊಳ್ಳಿ, ಬೇರೆಯವರು ಕಾದಿದ್ದಾರೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಮುಂಗಡದ ಒಂದು ಪಾಲು ರಸೀದಿಯಿಲ್ಲದ ನಗದಾಗಿದ್ದರಂತೂ ಬಾಯಿ ಕಟ್ಟಿದಂತೆಯೇ. ತಪಾಸಣೆಯಲ್ಲಿ ಗಂಭೀರ ದೋಷ ಕಂಡುಬಂದರೆ ಬೆಲೆ ಮರುನಿಗದಿಯಾಗಬೇಕು, ಇಲ್ಲವೇ ಮುಂಗಡ ಹಿಂತಿರುಗಬೇಕು ಎಂಬ ಷರತ್ತನ್ನು ಕ್ರಯದ ಕರಾರಿನಲ್ಲಿಯೇ ಬರೆಸುವುದು ಇದಕ್ಕೆ ಪರಿಹಾರ. ದುರಸ್ತಿಯನ್ನು ಮಾರುವವರಿಗೆ ಬಿಡುವುದಕ್ಕಿಂತ ಅದರ ವೆಚ್ಚವನ್ನು ಬೆಲೆಯಲ್ಲಿ ಕಳೆಯುವುದು ಲೇಸು. ಕೈಬಿಟ್ಟು ಹೋಗುವ ಮನೆಗೆ ಯಾರೂ ಮನಸಾರೆ ಗಾರೆ ಹಚ್ಚುವುದಿಲ್ಲ. ನಕ್ಷೆ ಮೀರಿ ಕಟ್ಟಿದ ಮಹಡಿಯ ಸಂಗತಿ ಬೇರೆ. ಅಕ್ರಮ–ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ನೀಡಿತು. ಅಂಥ ಮನೆಗೆ ಯಾವ ರಿಯಾಯಿತಿಯೂ ಸಾಲದು.

ಕಾನೂನು ಮೌನವಾಗಿಲ್ಲ. ತನಗೆ ತಿಳಿದಿರುವ, ಆದರೆ ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ಪತ್ತೆ ಹಚ್ಚಲಾಗದ ಮುಖ್ಯ ದೋಷವನ್ನು ಮಾರುವವರು ತಿಳಿಸಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ಆದರೆ ಅವರಿಗೆ ಅದು ತಿಳಿದಿತ್ತು ಎಂದು ಸಾಬೀತುಪಡಿಸುವ ಹೊರೆ ಕೊಂಡವರ ಮೇಲೆಯೇ ಬೀಳುತ್ತದೆ. 2016ರ ರೇರಾ ಕಾಯ್ದೆ ಇದಕ್ಕಿಂತ ಗಟ್ಟಿ. ಸ್ವಾಧೀನ ನೀಡಿದ ದಿನದಿಂದ 5 ವರ್ಷದೊಳಗೆ ಗಮನಕ್ಕೆ ತಂದ ರಚನಾ ದೋಷವನ್ನು ನಿರ್ಮಾಣಗಾರರು 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕು. ಹಂಚಿಕೆದಾರರ ವ್ಯಾಖ್ಯೆಯಲ್ಲಿ ಆ ಹಂಚಿಕೆಯನ್ನು ನಂತರ ಕೊಂಡವರನ್ನೂ ಅದು ಸೇರಿಸಿದೆ. ಇಪ್ಪತ್ತು ವರ್ಷ ಹಳೆಯ ಮನೆಗೆ ಮಾತ್ರ ಈ ರಕ್ಷಣೆ ದೊರೆಯದು.

2025ರ ಆಗಸ್ಟ್ ಕೊನೆಯಲ್ಲಿ ರಾಜ್ಯ ಸರ್ಕಾರ ನೋಂದಣಿ ಶುಲ್ಕವನ್ನು ಶೇ 1ರಿಂದ ಶೇ 2ಕ್ಕೆ ಏರಿಸಿತು. ಬೆಂಗಳೂರಿನಲ್ಲಿ ಇ–ಖಾತಾ ಇಲ್ಲದೆ ನೋಂದಣಿ ಸಾಧ್ಯವಿಲ್ಲ ಎಂಬ ಕಟ್ಟುನಿಟ್ಟೂ ಬಂದಿದೆ. ಸೋರಿಕೆ, ಬಿರುಕು, ನಕ್ಷೆ ಉಲ್ಲಂಘನೆ, ಹಿಂದಿನ ದುರಸ್ತಿಗಳ ಬಗ್ಗೆ ಮಾರಾಟಗಾರರು ಸಹಿ ಮಾಡಿದ ಒಂದು ಪುಟದ ಘೋಷಣೆಯನ್ನು ಕ್ರಯಪತ್ರದ ಜೊತೆ ಲಗತ್ತಿಸುವುದನ್ನು ಕಡ್ಡಾಯ ಮಾಡಲು ಕಂದಾಯ ಇಲಾಖೆಗೆ ಹೆಚ್ಚಿನ ಖರ್ಚೇನೂ ಇಲ್ಲ. ಮುಂದೆ ವ್ಯಾಜ್ಯ ಎದ್ದಾಗ ಕೊಂಡವರ ಕೈಯಲ್ಲಿ ಆ ಪುಟವಾದರೂ ಇರುತ್ತದೆ.