ಮಾಂಸ ಬಿಟ್ಟರೆ ಲೋಕದ ಹಸಿವು ನೀಗೀತೇ?

ವಿಶ್ವಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಜಗತ್ತಿನ ಸುಮಾರು 67 ಕೋಟಿ ಜನ ಹಸಿದಿದ್ದರು. ಆ ವರ್ಷ ಜಗತ್ತು ಬೆಳೆದ ಅಕ್ಕಿ, ಗೋಧಿ, ಜೋಳ ಇತ್ಯಾದಿ ಧಾನ್ಯ 280 ಕೋಟಿ ಟನ್ನಿಗೂ ಹೆಚ್ಚು. ಸಮನಾಗಿ ಹಂಚಿದ್ದರೆ ತಲೆಗೆ ದಿನಕ್ಕೆ ಹತ್ತಿರಹತ್ತಿರ ಒಂದು ಕಿಲೋ ಬರುತ್ತಿತ್ತು. ಹಾಗಾದರೆ ಕಾಳೆಲ್ಲ ಎಲ್ಲಿ ಹೋಯಿತು? ಎಲ್ಲರೂ ಸಸ್ಯಾಹಾರಿಗಳಾದರೆ ಅದು ಹಸಿದವರಿಗೆ ದಕ್ಕುತ್ತದೆಯೇ?

ಪರ: ಮೊದಲು ಮೇವಿನ ಲೆಕ್ಕ ನೋಡಿ

ನಾನು ಇಲ್ಲಿ ಜಾತಿ, ಮಡಿ, ಪಾಪಪುಣ್ಯ ಯಾವುದನ್ನೂ ತರುವುದಿಲ್ಲ. ಯಾರ ಅಡುಗೆಮನೆಯೂ ಮೈಲಿಗೆಯಲ್ಲ. ನನ್ನ ತಕರಾರು ಬರೀ ಲೆಕ್ಕದ್ದು.

ಮಿನ್ನೆಸೋಟಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಈ ಲೆಕ್ಕ ಹಾಕಿದರು. ಜಗತ್ತಿನ ಬೆಳೆಗಳಲ್ಲಿರುವ ಒಟ್ಟು ಕ್ಯಾಲೊರಿಯಲ್ಲಿ ಶೇ 36 ದನ, ಹಂದಿ, ಕೋಳಿಗಳ ಹೊಟ್ಟೆಗೆ ಹೋಗುತ್ತದೆ. ಹಾಗೆ ಹೋದದ್ದರಲ್ಲಿ ಮಾಂಸ, ಹಾಲು, ಮೊಟ್ಟೆಯಾಗಿ ನಮ್ಮ ತಟ್ಟೆಗೆ ಮರಳುವುದು ಶೇ 12 ಮಾತ್ರ. ಮೇವಿಗೂ ವಾಹನಗಳ ಇಂಧನಕ್ಕೂ ಹೋಗುವ ಬೆಳೆಯನ್ನೆಲ್ಲ ಮನುಷ್ಯರೇ ನೇರವಾಗಿ ಉಂಡರೆ, ಇನ್ನೂ 400 ಕೋಟಿ ಜನರಿಗೆ ಸಾಲುವಷ್ಟು ಆಹಾರ ಈಗಿನ ಹೊಲಗಳಿಂದಲೇ ಸಿಗುತ್ತದೆ. ಹಸಿದವರ ಸಂಖ್ಯೆಯ ಆರು ಪಟ್ಟು ಅಂದಾಯಿತು.

ಜಮೀನಿನ ಲೆಕ್ಕವೂ ಹೀಗೇ ಇದೆ. ಜಗತ್ತಿನ ಕೃಷಿಭೂಮಿಯಲ್ಲಿ ಶೇ 83ರಷ್ಟನ್ನು ಪಶುಮೂಲದ ಆಹಾರವೇ ಆಕ್ರಮಿಸಿದೆ. ಅದರಿಂದ ಸಿಗುವ ಕ್ಯಾಲೊರಿ ಶೇ 18, ಪ್ರೋಟೀನ್ ಶೇ 37 ಎಂದು 2018ರ ಒಂದು ಹೆಸರಾಂತ ಅಧ್ಯಯನ ಹೇಳಿತು. ಬ್ರೆಜಿಲಿನ ಸೆರಾಡೊ ಹುಲ್ಲುಗಾವಲನ್ನು ಉತ್ತು ಸೋಯಾ ಬೆಳೆಯುತ್ತಾರೆ. ಅದು ಹಡಗು ಹತ್ತಿ ಚೀನಾಕ್ಕೆ ಹೋಗುತ್ತದೆ. ಅಲ್ಲಿ ಹಂದಿ ಮತ್ತು ಕೋಳಿ ಅದರ ಹಿಂಡಿಯನ್ನು ತಿನ್ನುತ್ತವೆ. ನಮ್ಮ ದಾವಣಗೆರೆ, ಹಾವೇರಿಯ ಕಡೆಯೇ ನೋಡಿ. ರಾಗಿ, ಜೋಳ, ನವಣೆ ಇದ್ದ ಹೊಲಗಳಲ್ಲಿ ಈಗ ಎತ್ತ ನೋಡಿದರೂ ಮೆಕ್ಕೆಜೋಳ. ಬೆಳೆದ ರೈತ ಅದನ್ನು ರೊಟ್ಟಿ ಮಾಡಿ ಉಣ್ಣುವುದಿಲ್ಲ. ಅದು ಕೋಳಿ ಆಹಾರದ ಕಾರ್ಖಾನೆಗೆ, ಸ್ಟಾರ್ಚಿಗೆ, ಈಚೆಗೆ ಎಥೆನಾಲಿಗೆ ಹೋಗುವ ಸರಕು.

ಪೇಟೆಯಲ್ಲಿ ಕಾಳಿನ ಬೆಲೆ ಏರಿದಾಗ ಬಡ ದೇಶದ ಗಿರಾಕಿ ಶ್ರೀಮಂತ ದೇಶದ ಹಂದಿಯ ಜೊತೆ ಪೈಪೋಟಿಗೆ ನಿಲ್ಲಬೇಕಾಗುತ್ತದೆ. 2022ರಲ್ಲಿ ಯುಕ್ರೇನ್ ಯುದ್ಧದಿಂದ ಗೋಧಿ ತುಟ್ಟಿಯಾಗಿ ಈಜಿಪ್ಟ್, ಲೆಬನಾನ್‌ಗಳು ರೊಟ್ಟಿಗೆ ಪರದಾಡಿದವು. ಅದೇ ಹೊತ್ತಿಗೆ ಯುರೋಪಿನ ಒಕ್ಕೂಟ ತಾನು ಬಳಸುವ ಧಾನ್ಯದ ಅರ್ಧಕ್ಕಿಂತ ಹೆಚ್ಚನ್ನು ಪ್ರಾಣಿಗಳಿಗೆ ಉಣಿಸುತ್ತಿತ್ತು. ಬೇಡಿಕೆ ತಗ್ಗಿದರೆ ಬೆಲೆ ತಗ್ಗುತ್ತದೆ. ಬೆಲೆ ತಗ್ಗಿದರೆ ಕೊಂಡು ತಿನ್ನುವ ಬಡವನಿಗೆ ಉಸಿರಾಡಲು ಆಗುತ್ತದೆ. ಅಮೆರಿಕದಲ್ಲಿ ತಲೆಗೆ ವರ್ಷಕ್ಕೆ ನೂರು ಕಿಲೋ ಮೀರಿ ಮಾಂಸ ಲಭ್ಯವಿದೆ. ನಾನು ಬಿಡಿ ಎನ್ನುತ್ತಿರುವುದು ಮೊದಲು ಅವರಿಗೆ. ವಾರಕ್ಕೊಮ್ಮೆ ಬಾಡೂಟ ಮಾಡುವ ಕೂಲಿಯ ಮನೆಗಲ್ಲ.

ವಿರೋಧ: ಉಳಿದ ಕಾಳು ಹಸಿದವನ ಮನೆಗೆ ನಡೆದು ಬರುವುದಿಲ್ಲ

ಪರ ಬರೆದ ಗೆಳೆಯರ ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಹಸಿವು ಗುಣಾಕಾರದಿಂದ ಹುಟ್ಟುವುದಿಲ್ಲ. 1943ರ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತದ್ದು ಅಕ್ಕಿ ಇಲ್ಲದೆ ಅಲ್ಲ, ಕೊಳ್ಳುವ ಶಕ್ತಿ ಇಲ್ಲದೆ ಎಂದು ಅಮರ್ತ್ಯ ಸೇನ್ 1981ರಲ್ಲೇ ವಿವರಿಸಿದ್ದಾರೆ. ಈ ಮೇವಿನ ವಾದವನ್ನು 1971ರಲ್ಲಿ ಪುಸ್ತಕ ಬರೆದು ಮನೆಮನೆಗೆ ಮುಟ್ಟಿಸಿದ ಅಮೆರಿಕದ ಫ್ರಾನ್ಸಿಸ್ ಮೂರ್ ಲಾಪೆ ಅವರೂ ಹಸಿವಿಗೆ ಕಾರಣ ಆಹಾರದ ಕೊರತೆಯಲ್ಲ, ಅಧಿಕಾರದ ಕೊರತೆ ಎಂದೇ ಹೇಳುತ್ತ ಬಂದರು. ಈಚಿನ ಕ್ಷಾಮಗಳನ್ನು ನೋಡಿ. 2024ರಲ್ಲಿ ಸುಡಾನಿನ ಜಮ್ಜಮ್ ಶಿಬಿರದಲ್ಲಿ, 2025ರಲ್ಲಿ ಗಾಜಾದಲ್ಲಿ ಕ್ಷಾಮ ದೃಢಪಟ್ಟಿತು. ಎರಡೂ ಕಡೆ ಅನ್ನದ ದಾರಿ ಕಟ್ಟಿದ್ದು ಬಂದೂಕು. ಟೆಕ್ಸಾಸಿನವರೆಲ್ಲ ನಾಳೆಯಿಂದ ಬೇಳೆ ಸಾರು ಉಂಡರೂ ಅಲ್ಲಿಗೆ ಒಂದು ಚೀಲ ಹಿಟ್ಟು ಹೆಚ್ಚಿಗೆ ಹೋಗುತ್ತಿರಲಿಲ್ಲ.

ಕಡಿಮೆ ಮಾಂಸ ತಿನ್ನುವುದರಿಂದ ಹಸಿವು ನೀಗುವುದಾದರೆ ಅದನ್ನು ಭಾರತ ಎಂದೋ ತೋರಿಸಿರಬೇಕಿತ್ತು. ಜಗತ್ತಿನಲ್ಲಿ ತಲೆಗೆ ಅತಿ ಕಡಿಮೆ ಮಾಂಸ ತಿನ್ನುವ ದೇಶಗಳ ಸಾಲಿನಲ್ಲಿ ನಾವಿದ್ದೇವೆ. ಆಹಾರ ನಿಗಮದ ಗೋದಾಮುಗಳಲ್ಲಿ ಅಕ್ಕಿ ತುಂಬಿದೆ, ಪಡಿತರವೂ ಇದೆ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ, 67 ಮಕ್ಕಳಿಗೆ ರಕ್ತಹೀನತೆ ಇತ್ತು. ಹೊಟ್ಟೆ ತುಂಬುವುದು ಬೇರೆ, ಮೈ ತುಂಬುವುದು ಬೇರೆ.

ಪಶುಗಳು ತಿನ್ನುವುದೇನು ಎಂಬುದನ್ನೂ ಬಿಡಿಸಿ ನೋಡಬೇಕು. ಅವುಗಳ ಆಹಾರದಲ್ಲಿ ಶೇ 86 ಮನುಷ್ಯ ತಿನ್ನಲಾರದ್ದು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ತಜ್ಞರು 2017ರಲ್ಲಿ ಬರೆದರು: ಹುಲ್ಲು, ಜೋಳದ ಕಣಿಕೆ, ಹೊಟ್ಟು, ಬೂಸಾ, ಹಿಂಡಿ ಇಂಥವು. ಶೇ 83 ಜಮೀನು ಎಂಬ ಗೆಳೆಯರ ಅಂಕಿಯಲ್ಲೂ ಬಹುಪಾಲು ಮೇಯುವ ಭೂಮಿಯೇ. ಕೆನ್ಯಾದ ತುರ್ಕಾನಾದಲ್ಲಾಗಲಿ ಮಂಗೋಲಿಯಾದ ಬಯಲಿನಲ್ಲಾಗಲಿ ಬೇಳೆ ಬಿತ್ತಿ ಬೆಳೆಯಲಾಗದು. ನಮ್ಮ ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ ಹುಲ್ಲನ್ನು ಅನ್ನವಾಗಿಸುವುದು ಕುರಿ, ದನಗಳೇ. ಬೇಸಿಗೆಯಲ್ಲಿ ಕುರಿಗಾಹಿಗಳು ಹೊಲಗಳಲ್ಲಿ ಮಂದೆ ನಿಲ್ಲಿಸಿ ಹೋಗುವ ಗೊಬ್ಬರವೂ ಈ ಲೆಕ್ಕದಲ್ಲಿ ಸೇರಬೇಕು.

ಮೆಕ್ಕೆಜೋಳಕ್ಕೆ ಬರೋಣ. 2025ರಲ್ಲಿ ಬೆಲೆ ಕುಸಿದಾಗ ಹಾವೇರಿ, ಗದಗದ ರೈತರು ಕ್ವಿಂಟಲಿಗೆ 2,400 ರೂಪಾಯಿಯ ಬೆಂಬಲ ಬೆಲೆಗೆ ಖರೀದಿ ಕೇಂದ್ರ ತೆರೆಯಿರಿ ಎಂದು ಬೀದಿಗಿಳಿದರು. ಅಗ್ಗವಾದ ಆ ಕಾಳು ಯಾವ ಹಸಿದವನ ಒಲೆಗೆ ಹೋಯಿತು? ಕೋಳಿ ಫಾರಂ ಕೊಳ್ಳದಿದ್ದರೆ ಎಥೆನಾಲ್ ಕಾರ್ಖಾನೆ ಕೊಳ್ಳುತ್ತದೆ. ಅದೂ ಕೊಳ್ಳದಿದ್ದರೆ ರೈತ ಮುಂದಿನ ವರ್ಷ ಅದನ್ನು ಬಿತ್ತುವುದಿಲ್ಲ. ಜಗತ್ತಿನ ಬಡವರಲ್ಲಿ ಬಹಳಷ್ಟು ಜನ ಕೊಂಡು ತಿನ್ನುವವರಷ್ಟೇ ಅಲ್ಲ, ಬೆಳೆದು ಮಾರುವವರೂ ಹೌದು. ಬೆಲೆ ತಗ್ಗಿದರೆ ಒಳ್ಳೆಯದು ಎನ್ನುವಾಗ ಇವರನ್ನು ಮರೆತರೆ ಹೇಗೆ?

ಈ ಚರ್ಚೆ ನನಗೆ ದೂರದ್ದಾಗಿ ಕಾಣದಿರಲು ಕಾರಣ ಮೊಟ್ಟೆ. 2021ರ ಡಿಸೆಂಬರಿನಲ್ಲಿ ಬೀದರ್, ಯಾದಗಿರಿ, ರಾಯಚೂರು ಸೇರಿ ಏಳು ಜಿಲ್ಲೆಗಳ ಶಾಲಾ ಬಿಸಿಯೂಟದಲ್ಲಿ ಮೊಟ್ಟೆ ಶುರುವಾದಾಗ ಕೆಲವು ಮಠಾಧೀಶರು ವಿರೋಧಿಸಿದರು. ತಿನ್ನದವರಿಗೆ ಬಾಳೆಹಣ್ಣು ಇತ್ತು, ಬಲವಂತ ಇರಲಿಲ್ಲ, ಆದರೂ ಬೇಡವೆಂದರು. ಗಂಗಾವತಿಯಲ್ಲಿ ಹೆಣ್ಣುಮಕ್ಕಳೇ ಎದ್ದು ನಿಂತು ನಮಗೆ ಮೊಟ್ಟೆ ಬೇಕು ಎಂದರು. ಆ ವಿದ್ಯಾರ್ಥಿನಿಯರ ಮಾತಿಗಿಂತ ದೊಡ್ಡ ಪೌಷ್ಟಿಕತೆಯ ವರದಿ ನನಗೆ ಬೇಕಿಲ್ಲ. ಒಂದು ಮೊಟ್ಟೆಯಲ್ಲಿ ಒಳ್ಳೆಯ ಪ್ರೋಟೀನ್ ಇದೆ, ಬಿ12 ಇದೆ. ಬಾಳೆಹಣ್ಣಿನಲ್ಲಿ ಬಿ12 ಇಲ್ಲ. ಬೇಳೆ, ಸೊಪ್ಪು, ಹಾಲು, ಹಣ್ಣು ಎಲ್ಲ ಕೂಡಿಸಿ ಮೊಟ್ಟೆಯಿಲ್ಲದೆ ಮಗು ಬೆಳೆಸಬಹುದು, ನಿಜ. ಅದಕ್ಕೆ ಜೇಬು ಬೇಕು. 2019ರಲ್ಲಿ ಈಟ್-ಲ್ಯಾನ್ಸೆಟ್ ಆಯೋಗ ಭೂಮಿಗೂ ದೇಹಕ್ಕೂ ಹಿತವೆಂದು ಹೇಳಿದ ಆಹಾರಕ್ರಮದಲ್ಲಿ ಸೊಪ್ಪುಸದೆ, ಕಾಳುಬೇಳೆಯೇ ಮುಖ್ಯ. ಮಾಂಸ ಬಹಳ ಕಡಿಮೆ. ಅದನ್ನು ಕೊಳ್ಳಲು ಸುಮಾರು 158 ಕೋಟಿ ಜನರಿಗೆ ಶಕ್ತಿಯಿಲ್ಲ ಎಂದು ಮರುವರ್ಷವೇ ಲೆಕ್ಕ ಸಿಕ್ಕಿತು.

ಕಾಳು ತಿನ್ನಿಸಿ ಕೊಬ್ಬಿಸಿದ ದನದ ಮಾಂಸವನ್ನು ಶ್ರೀಮಂತ ದೇಶಗಳು ಕಡಿಮೆ ಮಾಡಲಿ. ಕಾಡಿಗೂ ಹವೆಗೂ ಅದರಿಂದ ಒಳಿತಿದೆ. ಅಷ್ಟನ್ನು ನಾನು ಒಪ್ಪುತ್ತೇನೆ. ಹಸಿವಿಗೆ ಬೇಕಾದದ್ದು ಕೂಲಿ, ಪಡಿತರ, ಬೆಂಬಲ ಬೆಲೆ, ನಿಂತ ಯುದ್ಧ. ನಮ್ಮ ಶಾಲೆಗಳಲ್ಲಿ 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡಲಾಗುತ್ತಿದೆ. ಲೋಕದ ಹಸಿವಿನ ಹೆಸರು ಹೇಳಿ ದಯವಿಟ್ಟು ಅದಕ್ಕೆ ಕೈ ಹಾಕಬೇಡಿ.