ಮುಳುಗಿದ ಊರುಗಳ ನಕ್ಷೆ

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರು ಹರಡಿದಾಗ ತುಮರಿ ಸೀಮೆಯು ದ್ವೀಪದಂತಾಯಿತು. ಅನೇಕ ಗ್ರಾಮಗಳು ಜಲಗತವಾದವು. 2025ರ ಜುಲೈಯಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದು ದಾರಿಯೇನೋ ಕೂಡಿತು. ಮುಳುಗಿದ ಊರುಗಳ ನೆನಪು ಮಾತ್ರ ಹಿರಿಯರೊಡನೆ ಮರೆಯಾಗುತ್ತಿದೆ.

ಅದನ್ನುಳಿಸಲು ಶಾಲೆಗಳು ಕ್ಯೂಜಿಐಎಸ್‌ನಂತಹ ಉಚಿತ ನಕ್ಷಾ ತಂತ್ರಾಂಶವನ್ನು ಕಲಿಸಬೇಕು. ಹೊಸಬನಿಗೆ ಮೊದಲು ತೊಡಕು ಸಹಜ: ಹಳೆಯ ನಕ್ಷೆಯು ಪರದೆಯ ಮೇಲೆ ತನ್ನ ಸ್ಥಾನದಲ್ಲಿ ನಿಲ್ಲದು. ಇಂದಿಗೂ ನೀರಿನ ಮೇಲಿರುವ ಗುಡ್ಡ, ಕವಲುದಾರಿಗಳನ್ನು ಎರಡರಲ್ಲಿಯೂ ಗುರುತಿಸಿ, ಅಕ್ಷಾಂಶ-ರೇಖಾಂಶಗಳನ್ನು ಹೊಂದಿಸಿದ ಮೇಲೆಯೇ ನೀಲಿಯ ಕೆಳಗೆ ಕೆರೆ, ಗದ್ದೆ, ಕೇರಿಗಳು ಮೂಡುವುವು. ಆದರೆ ಅವುಗಳ ಹೆಸರನ್ನು ಯಂತ್ರ ಹೇಳದು, ಅಜ್ಜಿಯೇ ಹೇಳಬೇಕು. ಆದುದರಿಂದ ಈ ಕಲಿಕೆಯು ಗಣಕದ ಕೊಠಡಿಗಿಂತ ಮೊದಲು ಮನೆಯ ಜಗಲಿಯಲ್ಲಿ ಆರಂಭವಾಗಲಿ. ಅರಿತುದನ್ನು ಊರಿಗೆ ಮರಳಿಸುವುದೇ ವಿದ್ಯೆಯ ದಾಸೋಹ.