ಕ್ಯಾಮೆರಾ ಮಾರಿದ ಮೇಲಿನ ಹತ್ತು ಡಾಲರ್

1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಮಾರುಕಟ್ಟೆಗೆ ತಂದ ಕೊಡಕ್ ಕ್ಯಾಮೆರಾದ ಬೆಲೆ 25 ಡಾಲರ್. ಒಳಗೆ 100 ಚಿತ್ರಗಳಿಗಾಗುವಷ್ಟು ಸುರುಳಿ. ಸುರುಳಿ ಮುಗಿದರೆ ಗ್ರಾಹಕನು ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳುಹಿಸುತ್ತಿದ್ದನು. ಚಿತ್ರಗಳನ್ನು ಮುದ್ರಿಸಿ, ಹೊಸ ಸುರುಳಿ ತುಂಬಿ ಹಿಂದಿರುಗಿಸಲು 10 ಡಾಲರ್. ಅದುವರೆಗೆ ಸ್ಟುಡಿಯೋದಲ್ಲಿ ಅಲುಗಾಡದೆ ಕುಳಿತಿರುತ್ತಿದ್ದ ಕುಟುಂಬಗಳು ಮನೆಯಂಗಳದ ಮಕ್ಕಳಾಟವನ್ನು ತಾವೇ ಸೆರೆಹಿಡಿಯತೊಡಗಿದವು.

ಲೆಕ್ಕಪರಿಶೋಧಕನ ಕಣ್ಣಿಗೆ ಬೀಳುವುದು ಆ 10 ಡಾಲರ್. ರಾಜಾಜಿನಗರ, ಕೆಂಗೇರಿ ಭಾಗದ ನಮ್ಮ ಸಣ್ಣ ಯಂತ್ರ ತಯಾರಕರಲ್ಲಿ ಅನೇಕರು ಬಿಲ್ಲು ಬರೆದ ದಿನವೇ ವ್ಯವಹಾರ ಮುಗಿಯಿತೆಂದು ಭಾವಿಸುತ್ತಾರೆ. ಬಿಡಿಭಾಗ, ದುರಸ್ತಿಗಳ ಆದಾಯವು ಒಟ್ಟು ಮಾರಾಟದಲ್ಲಿ ಕರಗಿಹೋಗುತ್ತದೆ. ಅದಕ್ಕೆ ಪ್ರತ್ಯೇಕ ಖಾತೆ ಬೇಕೇ ಬೇಕು. ಆದಾಯ ಬತ್ತತೊಡಗಿದರೂ ಮೊದಲು ಅಲ್ಲಿಯೇ ಕಾಣುತ್ತದೆ. 1975ರಲ್ಲಿಯೇ ತನ್ನ ಪ್ರಯೋಗಾಲಯದಲ್ಲಿ ಡಿಜಿಟಲ್ ಕ್ಯಾಮೆರಾ ರೂಪಿಸಿದ್ದ ಕೊಡಕ್, ಫಿಲ್ಮಿನ ಲಾಭವನ್ನು ಬಿಡಲೊಲ್ಲದೆ, 2012ರ ಜನವರಿಯಲ್ಲಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು.